ಬಾಲದಲ್ಲಿದ್ದ ದಾರಿ

ಅರಸೀಕೆರೆಯ ಕೋಮಲವಲ್ಲಿಯವರಿಗೆ ಸಹಿಸಲಾಗದ ಸಂಗತಿಗಳು ಬಹಳ ಇರಲಿಲ್ಲ. ಸೀದ ಸಾರನ್ನು ಸಹಿಸುತ್ತಿದ್ದರು. ತಡವಾದ ರೈಲನ್ನು ಸಹಿಸುತ್ತಿದ್ದರು. ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕದ ಪುಟ ಮಡಚಿಡುವ ಹುಡುಗರನ್ನೂ ಒಂದು ಸಲ ಬೈದು ಬಿಟ್ಟುಬಿಡುತ್ತಿದ್ದರು. ಆದರೆ ಇ-ಮೇಲಿಗೆ ಉತ್ತರ ಬರೆಯುವವರು ತಮ್ಮ ಒಂದು ಸಾಲನ್ನು ತಲೆಯ ಮೇಲೆ ಕೂರಿಸಿ, ಅದರ ಕೆಳಗೆ ಹಿಂದಿನವರು, ಅವರಿಗೂ ಹಿಂದಿನವರು ಬರೆದದ್ದನ್ನೆಲ್ಲ ಗಾಳಿಪಟದ ಬಾಲಂಗೋಚಿಯ ಹಾಗೆ ಇಳಿಬಿಟ್ಟು ಕಳಿಸಿದರೆ ಮಾತ್ರ ಅವರ ಮೈ ಉರಿಯುತ್ತಿತ್ತು.

'ಕಲ್ಲುಮಾತು' ಎಂಬ ಮೇಲ್ ಬಳಗವನ್ನು ಅವರು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಹಳೇಬೀಡು, ಬೇಲೂರಿನ ಸುತ್ತಣ ಗುಡಿ, ಬಸದಿ, ವೀರಗಲ್ಲು, ಹೊಲದ ಬದುವಿನಲ್ಲಿ ಅಡ್ಡಬಿದ್ದ ಕಂಬ ಇವುಗಳ ಮೇಲೆ ಪ್ರೀತಿ ಇದ್ದವರೆಲ್ಲ ಅದರಲ್ಲಿದ್ದರು. ಒಬ್ಬರು ಬರೆದರೆ ಅದು ಬಳಗದ ಎಲ್ಲರ ಪೆಟ್ಟಿಗೆಗೂ ಹೋಗುತ್ತಿತ್ತು. "ಈಗಿನ ಕಾಲದಲ್ಲಿ ಇದೆಲ್ಲ ಯಾಕೆ, ವಾಟ್ಸಾಪ್ ಮಾಡಿ ಮೇಡಂ" ಎಂದವರಿಗೆ, "ಅದು ಸಂತೆ ಕಣ್ರೀ. ಸಂತೇಲಿ ನಿಂತು ಶಾಸನ ಓದಕ್ಕಾಗತ್ತಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬಳಗಕ್ಕೆ ಅವರು ಹಾಕಿಕೊಟ್ಟ ನಿಯಮ ಒಂದೇ. ಯಾರ ಮಾತಿಗೆ ಉತ್ತರವೋ ಆ ಮಾತನ್ನು ಬಾಣದ ಗುರುತು ಹಾಕಿ ಮೊದಲು ಇಡಬೇಕು. ಬೇಕಾದಷ್ಟೇ ಇಡಬೇಕು. ಅದರ ಕೆಳಗೆ ತನ್ನ ಮಾತು ಬರೆಯಬೇಕು. ಉಳಿದ ಬಾಲವನ್ನು ಕತ್ತರಿಸಬೇಕು. ಅವರ ತಂದೆ ದೇವಸ್ಥಾನದಲ್ಲಿ ಉಪನ್ಯಾಸ ಮಾಡುತ್ತಿದ್ದವರು. ಮೊದಲು ಶ್ಲೋಕ, ಆಮೇಲೆ ಅರ್ಥ. ಅರ್ಥವನ್ನು ಮೊದಲು ಹೇಳಿ ಶ್ಲೋಕವನ್ನು ಆಮೇಲೆ ಕೊಡುವ ವಿದ್ವಾಂಸರು ಯಾವ ಲೋಕದಲ್ಲೂ ಇಲ್ಲವೆಂದು ಮಗಳ ನಂಬಿಕೆ. ತಪ್ಪಿದವರಿಗೆ ಅವರು ಖಾಸಗಿಯಾಗಿ, ಸಕ್ಕರೆ ಬೆರೆಸಿದ ಹಾಗಲಕಾಯಿಯಂಥ ಪತ್ರ ಬರೆಯುತ್ತಿದ್ದರು. ಮೂರನೆಯ ಪತ್ರ ಬರುವಷ್ಟರಲ್ಲಿ ಎಂಥವರೂ ತಿದ್ದಿಕೊಳ್ಳುತ್ತಿದ್ದರು.

ಹೀಗೆ ಪಳಗಿದ ಬಳಗದವರಿಗೆ ಒಂದು ಅಭ್ಯಾಸ ಹತ್ತಿತ್ತು. ಬೇರೆಯವರು ಇ-ಮೇಲನ್ನು ಮೇಲಿನಿಂದ ಓದಿ ಅರ್ಧಕ್ಕೆ ಬಿಡುತ್ತಾರೆ. ಕಲ್ಲುಮಾತಿನವರು ತೆರೆದ ಕೂಡಲೇ ಬೆರಳನ್ನು ಸೀದಾ ತಳಕ್ಕೆ ಇಳಿಸುತ್ತಿದ್ದರು. ಹೇಳಬೇಕಾದ್ದು ಅಲ್ಲೇ ಇರುತ್ತದೆ ಎಂದು ಅವರಿಗೆ ಗೊತ್ತಿತ್ತು. ಇಷ್ಟು ಜನರ ಬೆರಳನ್ನು ತಾನು ತಿದ್ದಿದೆನಲ್ಲ ಎಂಬ ಹೆಮ್ಮೆ ಕೋಮಲವಲ್ಲಿಯವರಿಗೆ ಇಲ್ಲದೇ ಇರಲಿಲ್ಲ.

ತಿದ್ದಲಾಗದೆ ಉಳಿದವರು ಷಡಕ್ಷರಪ್ಪ ಒಬ್ಬರೇ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ದೊಡ್ಡ ದೇಹ, ಅದಕ್ಕೂ ದೊಡ್ಡ ಗಂಟಲು, ಎರಡಕ್ಕೂ ಮೀರಿದ ಒಳ್ಳೆಯತನ. ಅವರು ಬಾಲ ಕತ್ತರಿಸುತ್ತಿರಲಿಲ್ಲ; ಅದು ಒಂದು. ಇನ್ನೊಂದೆಂದರೆ, ಯಾರಿಗೆ ಏನು ಬರೆಯಬೇಕಾದರೂ ಹೊಸ ಪತ್ರ ತೆರೆಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಯಾವ ಪತ್ರ ಇದೆಯೋ ಅದಕ್ಕೇ ಉತ್ತರ ಒತ್ತಿ, ಅದರ ನೆತ್ತಿಯ ಮೇಲೆ ಬರೆದು, ಯಾರಿಗೆ ಬೇಕೋ ಅವರ ವಿಳಾಸ ಹಾಕಿ ಕಳಿಸುತ್ತಿದ್ದರು. ಕೋಮಲವಲ್ಲಿ ಆಕ್ಷೇಪಿಸಿದಾಗ, "ಹಳೇದ್ರಲ್ಲೇ ಇಷ್ಟ್ ಜಾಗ ಐತಲ್ಲ ಮೇಡಂ, ಹೊಸದ್ಯಾಕೆ ಹಾಳ್ ಮಾಡೋದು?" ಎಂದಿದ್ದರು. ಅದು ಹಳೆಯ ಚೀಲ ತಿರುವಿ ಹಾಕಿ ಮಾಲು ತುಂಬುವ ಮಂಡಿಯವರ ಜಾಣತನ.

ಷಡಕ್ಷರಪ್ಪನವರಿಗೆ ತೆಂಗು ಕೊಡುವವರಲ್ಲಿ ಹಗರೆಯ ತಮ್ಮಯ್ಯ ಒಬ್ಬ. ಆ ವರ್ಷ ಅವನು ತೋಟದಲ್ಲಿ ಕೃಷಿಹೊಂಡ ತೋಡಿಸುವಾಗ ಜೆಸಿಬಿಯ ಹಲ್ಲಿಗೆ ಒಂದು ಕಲ್ಲು ತಗುಲಿತು. ಮಣ್ಣು ತೊಳೆದರೆ, ಚಾಮರ ಹಿಡಿದು ನಿಂತ ಹೆಣ್ಣು. ಒಂದೂವರೆ ಅಡಿ. ಸುದ್ದಿ ಮಂಡಿಗೆ ಬಂತು, ಮಂಡಿಯಿಂದ ಕೋಮಲವಲ್ಲಿಯವರಿಗೆ ಬಂತು. ಅವರು ಹೋಗಿ ನೋಡಿ, ಆ ತೆಂಗಿನ ಬುಡದಲ್ಲೇ ಕುಳಿತುಬಿಟ್ಟಿದ್ದರು. ಕೈಯ ಬಳೆ ಎಣಿಸಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮೂಗಿತ್ತು. ಹಳೇಬೀಡಿನ ಸುತ್ತಮುತ್ತ ಮೂಗು ಉಳಿಸಿಕೊಂಡ ಕಲ್ಲಿನ ಹೆಣ್ಣು ಸಿಗುವುದು ಸುಲಭವಲ್ಲ.

"ಇದು ದೇವತೆ ಅಲ್ಲಮ್ಮ, ದೇವತೆಗೆ ಗಾಳಿ ಬೀಸೋಳು" ಎಂದು ತಮ್ಮಯ್ಯನ ಹೆಂಡತಿ ಗುರುಸಿದ್ದಮ್ಮನಿಗೆ ಬಿಡಿಸಿ ಹೇಳಿದ್ದರು.

"ಬೀಸ್ಲಿ ಬಿಡಿ, ನಮ್ಗೂ ಸೆಕೆ ಐತೆ" ಎಂದು ಗುರುಸಿದ್ದಮ್ಮ ಕುಂಕುಮ ಹಚ್ಚಿದ್ದಳು.

ತಮ್ಮಯ್ಯನಿಗೆ ಇದ್ದದ್ದು ಒಂದೇ ಭಯ: ಸರ್ಕಾರದವರು ಬಂದು ತೋಟಕ್ಕೇ ಬೇಲಿ ಹಾಕುತ್ತಾರೆ. ಕೋಮಲವಲ್ಲಿ ಅವನನ್ನು ಒಪ್ಪಿಸಿದ್ದರು. ದಸರಾ ರಜೆ ಮುಗಿದು ಪುರಾತತ್ವ ಇಲಾಖೆಯ ಕಚೇರಿ ತೆರೆಯಲಿ, ನಾನೇ ಜೊತೆಗೆ ಬರುತ್ತೇನೆ, ಬರೆಸಿಕೊಂಡು ಒಪ್ಪಿಸೋಣ, ಅಲ್ಲಿಯವರೆಗೆ ಉಸಿರೆತ್ತಬೇಡಿ. ಮಂಡಿನೋವಿನಿಂದ ಅಂದು ಬರಲಾಗದಿದ್ದ ಷಡಕ್ಷರಪ್ಪ ಮಾತ್ರ, ತಾನು ಆ ತೋಟ ಕಂಡವನಲ್ಲ, ದಾರಿ ಹೇಳಿ, ಹೇಗಿದೆ ಹೇಳಿ ಎಂದು ಪೀಡಿಸುತ್ತಿದ್ದರು. ಕೊನೆಗೆ ಅವರೊಬ್ಬರಿಗೇ ಕೋಮಲವಲ್ಲಿ ಬರೆದರು:

'ಹಗರೆಯಲ್ಲಿ ಹಾಲಿನ ಡೇರಿ ದಾಟಿ ಎಡಕ್ಕೆ ತಿರುಗಿದರೆ ತಮ್ಮಯ್ಯನವರ ತೋಟ. ಬೋರ್‌ವೆಲ್ ಶೆಡ್ಡಿನೊಳಗೆ ಗರಿ ಮುಚ್ಚಿ ಇಟ್ಟಿದ್ದಾರೆ. ಒಂದೂವರೆ ಅಡಿ ಎತ್ತರ. ಮೂಗು ಕೂಡ ಮುಕ್ಕಾಗಿಲ್ಲ. ರಜೆ ಮುಗಿಯುವವರೆಗೆ ಯಾರಿಗೂ ತಿಳಿಯುವುದು ಬೇಡ. ಇಲಾಖೆಯವರು ಕಾಗದ ತಂದು, ನಾನೂ ಜೊತೆಗಿದ್ದರೆ ಮಾತ್ರ ತಮ್ಮಯ್ಯನವರು ಮೂರ್ತಿಯನ್ನು ಕೊಟ್ಟು ಕಳಿಸಲಿ. ಈ ಪತ್ರ ನಿಮಗೆ ಮಾತ್ರ.'

ಆಯುಧಪೂಜೆಯ ದಿನ ಕೋಮಲವಲ್ಲಿಯವರ ಮನೆಯಲ್ಲಿ ಪುಸ್ತಕ ಮುಟ್ಟುವಂತಿಲ್ಲ. ಮಣೆಯ ಮೇಲೆ ಪುಸ್ತಕಗಳು, ಅವುಗಳ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ಕುಂಕುಮ, ಸೇವಂತಿಗೆ. ಫೋನಿನಲ್ಲಿ ಮೇಲ್ ಓದುವುದು ನಿಂತುಕೊಂಡು ಉಂಡ ಹಾಗೆ ಎಂದು ಅವರು ಅದನ್ನು ಫೋನಿಗೆ ಹಾಕಿಸಿಯೇ ಇರಲಿಲ್ಲ. ಹಾಗಾಗಿ ಊಟ ಮುಗಿಸಿ ಎಲೆ ಎತ್ತುವ ಹೊತ್ತಿಗೆ ಷಡಕ್ಷರಪ್ಪನವರ ಫೋನು ಬಂದಾಗ, ಲೋಕದಲ್ಲಿ ಏನಾಗಿದೆಯೆಂದು ಅವರಿಗೆ ಏನೇನೂ ಗೊತ್ತಿರಲಿಲ್ಲ.

"ಏನ್ ಮೇಡಂ, ಮೇಲ್ ನೋಡ್ಲಿಲ್ವಾ? ಬೆಳಿಗ್ಗೆನೇ ಬಳಗಕ್ಕೆಲ್ಲ ಹಬ್ಬದ ಶುಭಾಶಯ ಕಳಿಸ್ದೆ. ಎಲ್ರೂ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು."

"ಶುಭಾಶಯ ಕಳಿಸಿದ್ದು ನೀವು. ನನ್ನನ್ಯಾಕ್ರೀ ಹೊಗಳ್ತಾರೆ?"

"ಅದೇ, ಮೂಗು ಮುಕ್ಕಾಗಿಲ್ವಂತೆ, ಅಭಿನಂದನೆ ಮೇಡಂ ಅಂತ ಬರೀತಾವ್ರೆ. ನಂಗೂ ಅರ್ಥ ಆಗ್ಲಿಲ್ಲ, ಅವ್ರಿಗೆ ಹೆಂಗ್ ಗೊತ್ತಾಯ್ತು ಅಂತ."

ಎಂಜಲ ಕೈ ಎಂಬುದನ್ನೂ ಮರೆತು ಕೋಮಲವಲ್ಲಿ ಗೋಡೆ ಹಿಡಿದುಕೊಂಡರು. ಆಮೇಲೆ ಕೈ ತೊಳೆದು, ದೇವಿಗೆ ಒಂದು ತಪ್ಪುಕಾಣಿಕೆ ಹೇಳಿಕೊಂಡು, ಸೇವಂತಿಗೆ ಸರಿಸಿ ಲ್ಯಾಪ್‌ಟಾಪು ತೆರೆದರು.

ನೆತ್ತಿಯ ಮೇಲೆ: 'ಬಳಗದ ಎಲ್ಲರಿಗೂ ಆಯುಧಪೂಜೆಯ ಶುಭಾಶಯಗಳು. ಷಡಕ್ಷರಪ್ಪ.' ಕೆಳಗೆ, ಒಂದಕ್ಷರ ಬಿಡದೆ, ಕೋಮಲವಲ್ಲಿಯವರದೇ ಪತ್ರ. ಡೇರಿ, ಎಡಕ್ಕೆ ತಿರುವು, ಶೆಡ್ಡು, ಗರಿ, ಮೂಗು. ಬೇರೆ ಯಾವ ಬಳಗದಲ್ಲಾದರೂ ಜನ ಶುಭಾಶಯ ಕಂಡು ಅಳಿಸಿ ಹಾಕುತ್ತಿದ್ದರು. ಶುಭಾಶಯದ ಕೆಳಗೆ ಏನಿದೆಯೆಂದು ಯಾರು ನೋಡುತ್ತಾರೆ? ಆದರೆ ಇವರು ಕಲ್ಲುಮಾತಿನವರು. ಎಲ್ಲರ ಬೆರಳೂ ತಳಕ್ಕೇ ಹೋಗಿತ್ತು. ಶುಭಾಶಯವನ್ನು ಒಬ್ಬರೂ ಗಮನಿಸಿದಂತಿರಲಿಲ್ಲ. ಉತ್ತರಗಳು ಸಾಲಾಗಿ ಕೂತಿದ್ದವು, ಒಂದೊಂದೂ ಬೇಕಾದ ಸಾಲನ್ನಷ್ಟೇ ಇಟ್ಟುಕೊಂಡು, ಕೆಳಗೆ ಎರಡು ಮಾತು ಬರೆದು, ಹೆಸರು ಹಾಕಿ. ಅಳಿಸೋಣವೆಂದರೆ ಯಾವುದನ್ನು? ಎಲ್ಲರ ಮನೆಯ ಪೆಟ್ಟಿಗೆಗೂ ಹೋಗಿ ಬಿದ್ದಾಗಿತ್ತು.

ಷಡಕ್ಷರಪ್ಪ ಫೋನಿನಲ್ಲಿ ಇನ್ನೂ ಮಾತಾಡುತ್ತಲೇ ಇದ್ದರು. "ಒಬ್ರಂತೂ ನಂಗೊಬ್ನಿಗೇ ಬರ್ದವ್ರೆ ಕಣ್ರೀ. ಏನ್ ಅಚ್ಚುಕಟ್ಟು! ಕಲ್ತ್ಕೋ ಷಡಕ್ಷರಿ ಅಂದ್ಕೊಂಡೆ. ನಿಮ್ಗೂ ಕಳಿಸಿದ್ದೀನಿ, ನೋಡಿ."

ಕೋಮಲವಲ್ಲಿ ನೋಡಿದರು.

> ಒಂದೂವರೆ ಅಡಿ ಎತ್ತರ.

ಇಬ್ಬರು ಎತ್ತಬಹುದೇ?

ದೀಪಕ್

ಇಷ್ಟು ವರ್ಷಗಳಲ್ಲಿ ಅವರ ನಿಯಮವನ್ನು ಇಷ್ಟು ಪೂರ್ಣವಾಗಿ ಪಾಲಿಸಿದ ಉತ್ತರವನ್ನು ಅವರು ಕಂಡಿರಲಿಲ್ಲ.

"ನೀವೇನ್ ಹೇಳಿದ್ರಿ ಅವರಿಗೆ?"

"ಧಾರಾಳವಾಗಿ ಅಂದೆ. ತಮ್ಮಯ್ಯ ನಮ್ಮೋನೇ, ನನ್ ಹೆಸರು ಹೇಳಿ ಅಂತಾನೂ ಬರ್ದೆ." ವ್ಯಾಪಾರಿಯ ತಲೆ, ಲೆಕ್ಕ ತಡವಾಗಿಯಾದರೂ ಕೂಡುತ್ತದೆ. "ಮೇಡಂ... ಎತ್ತೋದ್ಯಾಕೆ ಅವ್ರು?"

ತಮ್ಮಯ್ಯನ ಫೋನು ಹೊಡೆದುಕೊಂಡಿತು. ಮತ್ತೆ ಹೊಡೆದುಕೊಂಡಿತು. ಎತ್ತುವವರಿಲ್ಲ. ಪೊಲೀಸರಿಗೆ ಹೇಳೋಣವೆಂದರೆ, "ಮೊದ್ಲು ಯಾರನ್ನ ಕೂರಿಸ್ತಾರೆ ಹೇಳಿ? ಶೆಡ್ಡಲ್ಲಿ ಬಚ್ಚಿಟ್ಟೋನ್ನ" ಎಂದರು ಷಡಕ್ಷರಪ್ಪ. ಅದು ನಿಜವೇ. ಬಚ್ಚಿಡಿ ಎಂದವರು ಯಾರು ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ.

ಷಡಕ್ಷರಪ್ಪನವರ ಕಾರು ಬೆಳಿಗ್ಗೆಯಷ್ಟೇ ಪೂಜೆಯಾಗಿ ನಿಂತಿತ್ತು. ಮುಂದೆ ಎರಡು ಬಾಳೆಕಂದು, ಮೈತುಂಬ ಚೆಂಡುಹೂವು, ಗಾಜಿನ ಮೇಲೆ ವಿಭೂತಿ. ಕಂದು ಕೀಳಲು ಅವರಿಗೆ ಮನಸ್ಸು ಬರಲಿಲ್ಲ, ಕಿತ್ತು ಹಾಕಿ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ಮದುವೆಯ ದಿಬ್ಬಣದಂತೆ ಸಿಂಗರಿಸಿಕೊಂಡ ಕಾರಿನಲ್ಲಿ, ಮಸಣಕ್ಕೆ ಹೊರಟವರ ಮುಖ ಹೊತ್ತು ಇಬ್ಬರೂ ಜಾವಗಲ್ ದಾಟಿದರು. ಎದುರು ಬಂದವರು ಕೈ ಬೀಸಿದರು.

"ಬೈರಿ ಮೇಡಂ. ಸುಮ್ನೆ ಕೂತ್ರೆ ಭಯ ಆಗತ್ತೆ."

"ಬೈದು ಏನ್ ಮಾಡ್ಲಿ. ನಿಮಗೆ ಆ ದಾರಿ ಅಷ್ಟು ಬಿಡಿಸಿ ಬರೆದವಳು ನಾನು. ತಳಕ್ಕೆ ಹೋಗಿ ಓದೋಕೆ ಅಷ್ಟು ಜನಕ್ಕೆ ಕಲಿಸಿದವಳೂ ನಾನೇ."

"ಆ ದೀಪಕ್ ಯಾರು? ನೋಡಿದ್ದೀರಾ?"

ಕೋಮಲವಲ್ಲಿ ನೆನಪು ಮಾಡಿಕೊಂಡರು. ಬಳಗಕ್ಕೆ ಬಂದು ವರ್ಷಗಳಾಗಿದ್ದವು. ಒಂದು ದಿನವೂ ಬರೆದವನಲ್ಲ. ಹಾಗೆ ಓದುತ್ತ ಸುಮ್ಮನಿರುವವರು ಬಳಗದಲ್ಲಿ ಎಷ್ಟೋ ಜನ. ಅವರನ್ನು ಕಂಡರೆ ಕೋಮಲವಲ್ಲಿಯವರಿಗೆ ಗೌರವ. ತಿಳಿದವರು ಮಾತಾಡುವುದಿಲ್ಲ ಎಂದುಕೊಂಡಿದ್ದರು.

ಹಳೇಬೀಡಿನಲ್ಲಿ ಹಬ್ಬದ ರಜೆಯ ಜನ. ಗುಡಿಯ ಮುಂದೆ ಪ್ರವಾಸಿ ಬಸ್ಸುಗಳು ಒಂದರ ಬೆನ್ನಿಗೊಂದು ನಿಂತು, ರಸ್ತೆಯೆಂಬುದೇ ಇರಲಿಲ್ಲ. ಕಾರು ನಿಂತಲ್ಲೇ ನಿಂತಿತು. ಬಾಳೆಕಂದಿನ ಸಂದಿನಿಂದ ಕೋಮಲವಲ್ಲಿ ಹೋಗುವ ಬರುವ ವಾಹನಗಳನ್ನೆಲ್ಲ ನೋಡುತ್ತಿದ್ದರು. ಸೈಕಲ್ಲಿಗೂ ಒಂದು ಹೂವಿತ್ತು. ಪ್ರತಿಯೊಂದು ಗೂಡ್ಸ್ ಗಾಡಿಯ ಟಾರ್ಪಾಲಿನ ಕೆಳಗೂ ಅವರಿಗೆ ಒಂದೂವರೆ ಅಡಿಯ ಉಬ್ಬು ಕಾಣುತ್ತಿತ್ತು. ಒಂದು ಸಲ ಅವರು ಬಾಗಿಲು ತೆರೆದು ಇಳಿದೇಬಿಟ್ಟರು. ಅದು ಬೂದುಗುಂಬಳಕಾಯಿಯ ಮೂಟೆ.

ಹಗರೆಯ ಡೇರಿ ದಾಟಿ ಎಡಕ್ಕೆ ತಿರುಗಿದಾಗ ಬಿಸಿಲು ಇಳಿಯತೊಡಗಿತ್ತು. ತಿರುವಿನಲ್ಲೇ ಒಂದು ಸಣ್ಣ ಗೂಡ್ಸ್ ಆಟೋ. ಹಿಂದುಗಡೆ ಹುಲ್ಲು ಮೆತ್ತಗೆ ಹಾಸಿ, ಮೇಲೆ ಹಳೆಯ ಕಂಬಳಿ, ಪಕ್ಕದಲ್ಲಿ ಹಗ್ಗದ ಸುರುಳಿ. ಬಾಣಂತಿಯನ್ನು ಕರೆದೊಯ್ಯಲು ಬಂದ ಹಾಗಿತ್ತು. ಆ ದಿನ ಅವರು ದಾರಿಯುದ್ದಕ್ಕೂ ಕಂಡ ಗಾಡಿಗಳಲ್ಲಿ ಹೂವಿಲ್ಲದ, ಕುಂಕುಮವಿಲ್ಲದ ಗಾಡಿ ಅದೊಂದೇ.

"ಇನ್ನೂ ಹೋಗಿಲ್ಲ" ಎಂದರು ಷಡಕ್ಷರಪ್ಪ, ಪಿಸುಮಾತಿನಲ್ಲಿ. ಅವರು ಪಿಸುಗುಟ್ಟಿದ್ದನ್ನು ಕೋಮಲವಲ್ಲಿ ಅದುವರೆಗೆ ಕೇಳಿರಲಿಲ್ಲ. ಅದರಿಂದಲೇ ಅವರಿಗೆ ಮತ್ತಷ್ಟು ಹೆದರಿಕೆಯಾಯಿತು.

ಶೆಡ್ಡಿನ ಮುಂದೆ ಹಗ್ಗದ ಮಂಚ. ಅದರ ಮೇಲೆ ಕನ್ನಡಕದ, ಇಸ್ತ್ರಿ ಅಂಗಿಯ, ಮೃದು ಮುಖದ ಒಬ್ಬ ಮನುಷ್ಯ ಮಜ್ಜಿಗೆಯ ಲೋಟ ಹಿಡಿದು ಕೂತಿದ್ದ. ಮಂಡಕ್ಕಿ, ಕಡಲೆಯ ತಟ್ಟೆ ಪಕ್ಕದಲ್ಲಿ. ಇನ್ನಿಬ್ಬರು ಗಟ್ಟಿ ಆಳುಗಳು ಶೆಡ್ಡಿನ ಬಾಗಿಲಿನ ಎರಡು ಬದಿಗೆ ನಿಂತಿದ್ದರು.

"ಬನ್ನಿ ಬನ್ನಿ ಮೇಡಂ, ನೀವೂ ಬಂದ್ರಾ!" ತಮ್ಮಯ್ಯನ ಮುಖ ಅರಳಿತು. "ನಿಮ್ ಕಡೇರು ಮಧ್ಯಾಹ್ನದಿಂದ ಕಾಯ್ತಾವ್ರೆ. ನಮ್ಮೋಳು ಬಿಡ್ಬೇಕಲ್ಲ."

"ಹೆಂಗ್ ಬಿಡ್ಲಿ?" ಒಳಗಿನಿಂದ ಗುರುಸಿದ್ದಮ್ಮನ ದನಿ. "ಪೂಜೆಗೆ ಕೂರ್ಸಿದ್ನ ದೀಪ ಆರೋಕ್ ಮುಂಚೆ ಕದಲಿಸ್ತಾರಾ ಯಾರಾನಾ? ಆರಿದ್ ಮ್ಯಾಕೆ ತಗಂಡ್ ಹೋಗ್ಲಿ ಅಂದಿವ್ನಿ."

ಕೋಮಲವಲ್ಲಿ ಬಾಗಿ ನೋಡಿದರು. ಹಾರೆ, ಗುದ್ದಲಿ, ಮಚ್ಚು, ಮೋಟರಿನ ಸ್ಟಾರ್ಟರು, ತಮ್ಮಯ್ಯನ ಫೋನು, ಎಲ್ಲಕ್ಕೂ ಕುಂಕುಮ. ನಡುವೆ ಅವಳು, ಚಾಮರ ಎತ್ತಿಕೊಂಡು. ಮುಂದೆ ದೀಪ. ಗುರುಸಿದ್ದಮ್ಮನ ಕೈಯಲ್ಲಿ ಎಣ್ಣೆಯ ಗಿಂಡಿ. ಬತ್ತಿ ಬಾಡಿದಾಗಲೆಲ್ಲ ಆಕೆ ಒಂದಿಷ್ಟು ಹೊಯ್ಯುತ್ತಿದ್ದಳು. ಆ ಕಲ್ಲಿನ ಅಮ್ಮನನ್ನು ಕಳಿಸಿಕೊಡಲು ಆಕೆಗೆ ಇಷ್ಟವಿರಲಿಲ್ಲ, ಅಷ್ಟೇ. ಬಂದವರು ಕಳ್ಳರೆಂಬುದು ಆಕೆಯ ಮನಸ್ಸಿಗೂ ಬಂದಿರಲಿಲ್ಲ.

ಮಂಚದ ಮೇಲಿದ್ದವನು ಎದ್ದು ಕೈ ಮುಗಿದ. "ನಮಸ್ಕಾರ ಮೇಡಂ. ದೀಪಕ್. ಬಳಗದ ಹಳೆಯ ಸದಸ್ಯ. ನಿಮ್ಮನ್ನು ಭೇಟಿಯಾಗುತ್ತೇನೆ ಅಂದುಕೊಂಡಿರಲಿಲ್ಲ."

"ತಮ್ಮಯ್ಯನವರೇ," ಎಂದರು ಕೋಮಲವಲ್ಲಿ. "ಇವರನ್ನ ನಾನು ಕಳಿಸಿಲ್ಲ. ಮೂರ್ತಿ ಕೊಡಬೇಡಿ."

ತಮ್ಮಯ್ಯ ಅವರನ್ನೂ ದೀಪಕನನ್ನೂ ನೋಡಿದ. "ನೀವೇ ಬರ್ದಿದ್ದೀರಂತಲ್ಲ. ಫೋನ್‌ನಾಗೆ ತೋರ್ಸಿದ್ರು. ನಾನೇ ಓದಿದ್ನಲ್ಲ, ನಿಮ್ ಹೆಸ್ರೈತೆ."

ದೀಪಕ್ ಫೋನನ್ನು ಅವರ ಮುಂದೆ ಹಿಡಿದ.

> ಕೋಮಲವಲ್ಲಿಯವರು ಬರೆದದ್ದು:

> ತಮ್ಮಯ್ಯನವರು ಮೂರ್ತಿಯನ್ನು ಕೊಟ್ಟು ಕಳಿಸಲಿ.

"ನಿಮ್ಮ ಮಾತೇ ತಾನೇ ಮೇಡಂ?" ಅವನ ದನಿಯಲ್ಲಿ ಅವಸರವಿರಲಿಲ್ಲ. "ನಾನು ಒಂದಕ್ಷರ ಸೇರಿಸಿಲ್ಲ. ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಹಾಗಲ್ಲವೇ ನೀವು ಹೇಳಿಕೊಟ್ಟದ್ದು?"



"ಹೇಳಿ ಮೇಡಂ," ಎಂದ ತಮ್ಮಯ್ಯ. "ನೀವ್ ಬರ್ದಿದ್ದಾ, ಅಲ್ವಾ?"

"ನಾನು ಬರೆದದ್ದೇ. ಆದರೆ—"

"ಮತ್ತೆ!" ತಮ್ಮಯ್ಯನಿಗೆ ಸಿಟ್ಟು ಬಂತು. "ಒಂದ್ಸಲ ಯಾರ್ಗೂ ಏಳ್ಬ್ಯಾಡಿ ಅಂತೀರಿ, ಒಂದ್ಸಲ ಕೊಟ್ ಕಳಿಸು ಅಂತೀರಿ, ಈಗ ಕೊಡಬ್ಯಾಡ ಅಂತೀರಿ. ಓದ್ದೋರ್ ಸವಾಸ ಇದೇಯ. ತಗಂಡ್ ಹೋಗ್ರಪ್ಪ ಅತ್ಲಾಗೆ, ನನ್ ತೋಟ ನಂಗ್ ಉಳೀಲಿ."

ದೀಪಕ್ ಆಳುಗಳತ್ತ ನೋಡಿ ತಲೆಯಾಡಿಸಿದ. ಆಳುಗಳಿಬ್ಬರೂ ಚಪ್ಪಲಿ ಕಳಚಿಟ್ಟು ಒಳಗೆ ಹೋದರು. ಪೂಜೆಯ ಜಾಗವೆಂದು ಚಪ್ಪಲಿ ಬಿಟ್ಟರು. ಅದನ್ನು ಕಂಡು ಕೋಮಲವಲ್ಲಿಯವರಿಗೆ ಗೊತ್ತಾಯಿತು: ಇಂಥ ಕೆಲಸವನ್ನು ಇವರು ಮೊದಲ ಸಲ ಮಾಡುತ್ತಿಲ್ಲ.

"ದೀಪ ಆರಿಲ್ಲ ಕಣ್ರಪ್ಪೋ!" ಗುರುಸಿದ್ದಮ್ಮ ಕೂಗಿದಳು. ಒಬ್ಬ ಬಾಗಿ ದೀಪವನ್ನು ಬೆರಳಲ್ಲಿ ಒತ್ತಿ ಆರಿಸಿದ.

ಆಗ ಷಡಕ್ಷರಪ್ಪ ತಮ್ಮ ಫೋನನ್ನು ಕಣ್ಣಿಗೆ ಹಿಡಿದು, ಮಂಡಿಯಲ್ಲಿ ಹರಾಜು ಕೂಗುವ ಗಂಟಲಿನಲ್ಲಿ ಓದತೊಡಗಿದರು.

"ಬಳಗದ ಎಲ್ಲರಿಗೂ ಆಯುಧಪೂಜೆಯ ಶುಭಾಶಯಗಳು! ಷಡಕ್ಷರಪ್ಪ!"

ಆಳುಗಳು ಬೆಚ್ಚಿ ನಿಂತರು. ಅದೇನು ಮಂತ್ರವೋ ಎಂದು ಗುರುಸಿದ್ದಮ್ಮ ಕೈ ಮುಗಿದಳು.

"ಕೆಳಕ್ಕೆ ಹೋಗ್ರಿ, ಕೆಳಕ್ಕೆ!" ಕೋಮಲವಲ್ಲಿ ಕಿರುಚಿದರು. "ನನ್ನದನ್ನ ಓದ್ರಿ!"

"ಇರಿ ಮೇಡಂ, ಬತ್ತಾ ಇವ್ನಿ! ಹಗರೆಯಲ್ಲಿ ಹಾಲಿನ ಡೇರಿ ದಾಟಿ ಎಡಕ್ಕೆ..."

ಅದು ಡೇರಿಗೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದು ತೋಟದ ಬದಿಯ ದಾರಿಯಲ್ಲಿ ಹೊರಟ ಹೆಂಗಸರು, ಹಬ್ಬದ ದಿನ ಇಲ್ಲಿ ಯಾರೋ ಏನೋ ಕೂಗುತ್ತಿದ್ದಾರೆಂದು ಬೇಲಿಯ ಹತ್ತಿರ ನಿಂತರು. ಅವರ ಹಿಂದೆ ಬಂದವರೂ ನಿಂತರು. "ಏನ್ಲಾ ಅದು, ತಮ್ಮಯ್ಯನ ತ್ವಾಟ ಹರಾಜಾ?" ಎಂದು ಬೈಕಿನವನೊಬ್ಬ ಇಳಿದು ಬಂದ. ಷಡಕ್ಷರಪ್ಪ ನಿಲ್ಲಿಸಲಿಲ್ಲ. ಕನ್ನಡಕ ತಂದಿರಲಿಲ್ಲ, ತೊಡರುತ್ತ, ಅಕ್ಷರ ಕೂಡಿಸುತ್ತ, ಒಂದೊಂದು ಮಾತನ್ನೂ ಊರಿಗೆಲ್ಲ ಕೇಳುವಂತೆ ಕೂಗಿದರು. ಕೋಮಲವಲ್ಲಿಯವರ ಕಣ್ಣು ಮಾತ್ರ ಆಳುಗಳ ಕೈಯ ಮೇಲೆ. ಮೂರ್ತಿ ಆಗಲೇ ನೆಲದಿಂದ ಒಂದು ಗೇಣು ಎದ್ದಿತ್ತು.

"ಇಲಾಖೆಯವರು ಕಾಗದ ತಂದು! ನಾನೂ ಜೊತೆಗಿದ್ದರೆ ಮಾತ್ರ! ತಮ್ಮಯ್ಯನವರು ಮೂರ್ತಿಯನ್ನು ಕೊಟ್ಟು ಕಳಿಸಲಿ!"

ತಮ್ಮಯ್ಯ ದೀಪಕನತ್ತ ತಿರುಗಿದ. "ಕಾಗ್ದ ಎಲ್ಲಿ ಸ್ವಾಮಿ?"

ದೀಪಕ್ ಬೇಲಿಯತ್ತ ನೋಡಿದ. ಅಲ್ಲಿ ಆಗಲೇ ಜನ ಗೋಡೆಯಾಗಿ ನಿಂತಿದ್ದರು. ತಮ್ಮಯ್ಯ ಶೆಡ್ಡಿಗೆ ನುಗ್ಗಿ ಕುಂಕುಮ ಹಚ್ಚಿದ ಮಚ್ಚನ್ನು ಪೂಜೆಯ ಸಾಲಿನಿಂದ ಎತ್ತಿಕೊಂಡ. "ಅದನ್ ಇಳ್ಸ್ರಲಾ ಕೆಳಕ್ಕೆ. ಮೆಲ್ಲಕ್ಕೆ ಇಳ್ಸಿ. ಮೂಗಿಗೆ ಏನಾನಾ ಆತೋ, ನಿಮ್ ಮೂಗು ಇರಕಿಲ್ಲ."

ಇಳಿಸಿದರು. ಮೆಲ್ಲಗೇ ಇಳಿಸಿದರು. ಆ ಕೈಗಳಿಗೆ ಅದರ ಬೆಲೆ ಗೊತ್ತಿತ್ತು.

ಯಾರೂ ಅವರನ್ನು ಹಿಡಿಯಲಿಲ್ಲ. ಏನೂ ಕಳುವಾಗಿರಲಿಲ್ಲವಲ್ಲ, ಬೇಲಿಯವರಿಗೆ ಅರ್ಥವಾಗುವಷ್ಟರಲ್ಲಿ ಆಳುಗಳು ಚಪ್ಪಲಿ ಮೆಟ್ಟಿ ಆಟೋದ ಹತ್ತಿರವಿದ್ದರು. ದೀಪಕ್ ಮಾತ್ರ ಲೋಟದ ಮಜ್ಜಿಗೆ ಮುಗಿಸಿ, ಲೋಟ ಕೆಳಗಿಟ್ಟು, ಕೋಮಲವಲ್ಲಿಯವರ ಪಕ್ಕದಲ್ಲಿ ಹಾದುಹೋಗುವಾಗ ಒಂದು ಕ್ಷಣ ನಿಂತ.

"ನನ್ನ ಹೆಸರನ್ನು ಬಳಗದಿಂದ ತೆಗೆಯುತ್ತೀರಿ, ಅಲ್ಲವೇ? ತೆಗೆಯಿರಿ, ನಿಮ್ಮ ಧರ್ಮ. ಆದರೆ ಮೇಡಂ, ನಾನು ಅಲ್ಲಿ ಒಂದೇ ಹೆಸರಿನಲ್ಲಿಲ್ಲ. ಬೇರೆ ಹೆಸರಿನಲ್ಲಿ ನೀವು ನನ್ನನ್ನು ಎರಡು ಮೂರು ಸಲ ಹೊಗಳಿಯೂ ಇದ್ದೀರಿ."

ಮತ್ತೆ ಕೈ ಮುಗಿದು ಹೋದ.

ಊರಿಗೆಲ್ಲ ಗೊತ್ತಾದ ಮೇಲೆ ಇನ್ನು ಬಚ್ಚಿಡುವಂತಿರಲಿಲ್ಲ; ಆ ಸಂಜೆಯೇ ಮೂರ್ತಿಯನ್ನು ಷಡಕ್ಷರಪ್ಪನವರ ಕಾರಿನ ಹಿಂದಿನ ಸೀಟಿನಲ್ಲಿ, ತಮ್ಮಯ್ಯ ಮತ್ತು ಗುರುಸಿದ್ದಮ್ಮನ ನಡುವೆ ಕೂರಿಸಿಕೊಂಡು ಬೇಲೂರಿಗೆ ಹೋದರು. ಠಾಣೆಯವರು ಬರೆಸಿಕೊಂಡು, ತಮ್ಮಯ್ಯನಿಗೆ ಚಹಾ ಕೊಟ್ಟು, ತೋಟಕ್ಕೆ ಯಾರೂ ಬೇಲಿ ಹಾಕುವುದಿಲ್ಲವೆಂದರು. ಅವನು ನಂಬಿದ ಹಾಗೆ ಕಾಣಲಿಲ್ಲ. ಮೂರ್ತಿಯನ್ನು ಎಲ್ಲಿಡುತ್ತಾರೆಂದು ಅಧಿಕಾರಿಗಳು ಕೋಮಲವಲ್ಲಿಯವರೊಬ್ಬರಿಗೆ ಹೇಳಿದರು, ಬೇರೆ ಯಾರಿಗೂ ಬೇಡವೆಂದರು. ಹಿಂದಿರುಗುವಾಗ ತಮ್ಮಯ್ಯ ಬಹಳ ದೂರ ಮಾತಾಡಲಿಲ್ಲ. ಹಗರೆ ಹತ್ತಿರ ಬಂದಾಗ ಕೇಳಿದ: "ನಿಮ್ ಬಳಗ್ದಾಗೆ ಅಂಥೋರು ಎಷ್ಟ್ ಜನ ಅವ್ರೆ ಮೇಡಂ?"



ವಿಜಯದಶಮಿಯ ಬೆಳಿಗ್ಗೆ ಮಣೆಯನ್ನು ಕದಲಿಸಿ, ಲ್ಯಾಪ್‌ಟಾಪಿನ ಕುಂಕುಮ ಒರೆಸಿ, ಅವರು ಮೊದಲು ದೀಪಕನ ಹೆಸರನ್ನು ತೆಗೆದರು. ಆಮೇಲೆ ಬಳಗಕ್ಕೆ ಒಂದು ಸಾಲು ಬರೆದರು. ಜನ ಗಾಬರಿಯಿಂದ ಕೇಳುತ್ತಿದ್ದರು, ಬರೆಯದೇ ಇರುವಂತಿರಲಿಲ್ಲ. 'ಮೂರ್ತಿ ಸುರಕ್ಷಿತವಾಗಿದೆ.' ಎಲ್ಲಿ, ಹೇಗೆ, ಯಾರ ವಶದಲ್ಲಿ ಎಂಬುದೇನೂ ಇರಲಿಲ್ಲ.

ಮೊದಲ ಉತ್ತರ ಬೇಗನೇ ಬಂತು. ಬಾಣಾವರದ ನಿವೃತ್ತ ಮೇಷ್ಟ್ರು ಎಂದು ಹೇಳಿಕೊಂಡವರದು.

> ಮೂರ್ತಿ ಸುರಕ್ಷಿತವಾಗಿದೆ.

ತುಂಬಾ ಸಂತೋಷ ಮೇಡಂ. ಈಗ ಎಲ್ಲಿದೆ?

ಅದರ ಬೆನ್ನಿಗೆ ಇನ್ನೊಂದು. ಶಿಲ್ಪದ ಉಡುಗೆಯ ಬಗ್ಗೆ ಚೆನ್ನಾಗಿ ಬರೆಯುವ ಹೆಣ್ಣುಮಗಳು. ಹೋದ ವರ್ಷ ಕೋಮಲವಲ್ಲಿ ಆಕೆಯನ್ನು ಬಳಗದ ಮುಂದೆ ಹೊಗಳಿದ್ದರು.

> ಮೂರ್ತಿ ಸುರಕ್ಷಿತವಾಗಿದೆ.

ನೆಮ್ಮದಿಯಾಯಿತು. ನೋಡಲು ಅವಕಾಶವಿದೆಯೇ? ಯಾವ ಊರಿನಲ್ಲಿ?

ಆಮೇಲೆ ಮತ್ತೊಂದು, ಇನ್ನೊಂದು. ಸಂತೋಷಪಟ್ಟವರು, ನಿಟ್ಟುಸಿರುಬಿಟ್ಟವರು, ದೇವರು ದೊಡ್ಡವನು ಎಂದವರು. ಎಲ್ಲರೂ ಕೊನೆಗೆ ಅದನ್ನೇ ಕೇಳಿದ್ದರು. ಯಾರು ತಾನೇ ಕೇಳುವುದಿಲ್ಲ? ಒಂದರಲ್ಲೂ ಬಾಲವಿರಲಿಲ್ಲ. ಒಂದರಲ್ಲೂ ತಪ್ಪಿರಲಿಲ್ಲ. ಇವರಲ್ಲಿ ತಾನು ಮುಖ ಕಂಡವರು ಯಾರೆಂದು ಕೋಮಲವಲ್ಲಿ ಬೆರಳು ಮಡಚತೊಡಗಿದರು. ಒಂದು ಕೈಯ ಬೆರಳೇ ಸಾಕಾಗಿ ಉಳಿದವು.

ಎದ್ದು ಹೋಗಿ, ಹಗಲಲ್ಲೇ, ಬೀದಿಬಾಗಿಲ ಚಿಲಕ ಹಾಕಿದರು. ಬಂದು ಮತ್ತೆ ಆ ಹೆಸರುಗಳ ಮುಂದೆ ಕುಳಿತರು. ಯಾರಿಗೂ ಉತ್ತರ ಬರೆಯಲಿಲ್ಲ.